ಇನ್ನೂರ ಹದಿನೇಳು ಅಡಗಿದ ಸಾಲುಗಳು

ಬೆಳಗ್ಗೆ ಐದೂ ಹತ್ತು. ಡಯಾಲಿಸಿಸ್ ವಾರ್ಡಿನ ಬಾಗಿಲ ಪಕ್ಕದ ಮೇಜಿನ ಮುಂದೆ ಕಂಪ್ಯೂಟರ್ ರಿಪೇರಿಯವರು ಕೈಕಟ್ಟಿ ಕುಳಿತಿದ್ದಾರೆ. ಫೈಲ್ ತೆರೆಯಲು ಕ್ಲಿಕ್ ಮಾಡಿ ಎರಡು ನಿಮಿಷವಾಗಿದೆ, ಪರದೆಯ ಮೇಲೆ ಸಣ್ಣ ನೀಲಿ ಬಳೆ ಸುತ್ತುತ್ತಲೇ ಇದೆ. ತಾಳ್ಮೆಗೆಟ್ಟ ದೊಡ್ಡ ಸಿಸ್ಟರ್ ಮೌಸ್ ಕಡೆ ಕೈ ಚಾಚುತ್ತಾರೆ.

"ಮುಟ್ಟಬೇಡಿ ಸಿಸ್ಟರ್, ಅದು ಯೋಚನೆ ಮಾಡ್ತಾ ಇದೆ."

"ದಿನಾ ಹನ್ನೊಂದು ನಿಮಿಷ ಯೋಚನೆನಾ? ಮದುವೆಗೆ ಒಪ್ಪೋವಾಗ ನಾನೇ ಅಷ್ಟು ಯೋಚನೆ ಮಾಡಿರಲಿಲ್ಲ!"

ರಿಪೇರಿಯವರು ನಗುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಟೈಲರಮ್ಮ ಕುಳಿತಿದ್ದಾರೆ. ಕಾಲು ಎಷ್ಟು ಊದಿದೆಯೆಂದರೆ ಚಪ್ಪಲಿ ಹಿಡಿಯದೆ ಪಕ್ಕಕ್ಕೆ ಇಟ್ಟಿದ್ದಾರೆ. ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಗುರುವಾರ ಅವರ ಸರದಿ ತಪ್ಪಿತು, ಇವತ್ತು ಶನಿವಾರ. ಇವತ್ತೂ ತಪ್ಪಿದರೆ ಏನಾಗುತ್ತದೆ ಎಂದು ಈ ವಾರ್ಡಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಲ್ಲಿ ಇರುವುದು ಹನ್ನೆರಡು ಯಂತ್ರ. ದಿನಕ್ಕೆ ಮೂರು ಪಾಳಿ. ರಕ್ತ ಶುದ್ಧಿಗೆ ವಾರಕ್ಕೆ ಮೂರು ಸಲ ಬರುವ ಎಪ್ಪತ್ತೆರಡು ಜನ. ಯಾರು, ಯಾವಾಗ, ಯಾವ ಯಂತ್ರ ಎಂಬುದೆಲ್ಲ ಒಂದೇ ಒಂದು ಸ್ಪ್ರೆಡ್‌ಶೀಟಿನಲ್ಲಿದೆ. ಅದರಿಂದ ಪ್ರಿಂಟ್ ತೆಗೆದ ಪಟ್ಟಿ ತೋರಿಸಿದರೆ ಮಾತ್ರ ಸ್ಟೋರಿನವರು ಕೊಳವೆ, ಸೂಜಿ, ಔಷಧ ಕೊಡುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಸೂಜಿಯೂ ಇಲ್ಲ. ಗುರುವಾರ ಬೆಳಗ್ಗೆ ಕಂಪ್ಯೂಟರ್ ಹನ್ನೆರಡೂ ಭರ್ತಿ ಎಂದಿತು, ಟೈಲರಮ್ಮನನ್ನು ವಾಪಸು ಕಳಿಸಿದರು. ಪಾಳಿ ಶುರುವಾದಾಗ ಬಂದಿದ್ದು ಹನ್ನೊಂದೇ ಜನ. ಆಗ ಫೋನ್ ಮಾಡಿದರೆ ಆಕೆ ಎತ್ತಲಿಲ್ಲ, ಬಸ್ಸಿನಲ್ಲಿದ್ದರು. ಒಂದು ಯಂತ್ರ ನಾಲ್ಕು ಗಂಟೆ ಸುಮ್ಮನೆ ನಿಂತಿತ್ತು.

ರಿಪೇರಿಯವರಿಗೆ ಐವತ್ತಮೂರು ವರ್ಷ. ಟೈಪ್‌ರೈಟರ್ ಮೆಕ್ಯಾನಿಕ್ ಆಗಿದ್ದವರು, ಟೈಪ್‌ರೈಟರ್ ಗುಜರಿಗೆ ಹೋದ ಮೇಲೆ ಕಂಪ್ಯೂಟರ್ ಕಲಿತರು. ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗುತ್ತಿಗೆ ಕೆಲಸ. ನೂರ ಹದಿನೆಂಟು ಕಂಪ್ಯೂಟರ್‌ಗೆ ಇವರೊಬ್ಬರೇ. ದಿನಕ್ಕೆ ಹದಿನೈದು ದೂರು ಬಂದರೆ ಹತ್ತರಲ್ಲಿ ಇರುವುದು ಒಂದೇ ಪದ: ಸ್ಲೋ. ಹಾಗಾಗಿ ಇಡೀ ಆಸ್ಪತ್ರೆಗೆ ಇವರು 'ಸ್ಲೋ ಅಣ್ಣ'. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಬರುವುದಿಲ್ಲ. ಅವರದ್ದೊಂದು ಪದ್ಧತಿ: ಯಂತ್ರ ಮುಟ್ಟುವ ಮೊದಲು ಅದರ ಮುಂದೆ ಕೂರುವವರನ್ನು ಮಾತಾಡಿಸುವುದು. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಅದರ ಕಾರಣ ಹೇಳುತ್ತಾರೆ.

"ಕಂಪ್ಯೂಟರ್ ತಾನಾಗಿ ಸ್ಲೋ ಆಗಲ್ಲ ಸರ್. ನಾವೇ ಏನೋ ಹೊರೆ ಹೊರಿಸಿರ್ತೀವಿ. ಏನು ಅಂತ ಕೇಳಿದ್ರೆ ಯಾರೂ ಹೇಳಲ್ಲ, 'ಏನೂ ಮಾಡಿಲ್ಲಪ್ಪ' ಅಂತಾರೆ."

ಈ ಫೈಲಿನ ದೂರು ಹೊಸದೇ ಎಂದು ಕೇಳುತ್ತೇನೆ. ಅವರು ಪರದೆ ನೋಡುತ್ತಲೇ ಉತ್ತರಿಸುತ್ತಾರೆ. "ಎರಡು ವರ್ಷದಿಂದ ಇದೆ. ನಾನೇ ಬರಲಿಲ್ಲ. ಆಫ್ ಮಾಡಿ ಆನ್ ಮಾಡಿ ಅಂತ ಫೋನಲ್ಲೇ ಸಾಗಹಾಕ್ದೆ."

ತಾವೇ ಮುಂದುವರಿಸುತ್ತಾರೆ. "ನಮ್ಮ ಮನೆಯವಳು ಇಲ್ಲೇ ಮೂರು ವರ್ಷ ಡಯಾಲಿಸಿಸ್‌ಗೆ ಬರ್ತಿದ್ಲು. ಮಂಗಳವಾರ, ಗುರುವಾರ, ಶನಿವಾರ. ಇದೇ ಬೆಂಚು. 'ಊರವರ ಕಂಪ್ಯೂಟರ್ ಎಲ್ಲ ಸರಿ ಮಾಡ್ತೀರಿ, ಇದನ್ನೊಂದು ನೋಡಬಾರ್ದಾ, ಜನ ಎಷ್ಟು ಹೊತ್ತು ಕಾಯ್ತಾರೆ' ಅಂತಿದ್ಲು. ನೋಡೋಣ ಅಂದೆ. ನೋಡೋಣ ಅನ್ನೋದ್ರಲ್ಲೇ ಮುಗೀತು. ಅವಳು ಹೋದ ಮೇಲೆ ಈ ಬಾಗಿಲು ದಾಟೋಕೆ ಆಗ್ತಿರಲಿಲ್ಲ."

ನನಗೆ ಕೇಳಲು ಬೇರೆ ಪ್ರಶ್ನೆಗಳಿದ್ದವು. ಟಿಪ್ಪಣಿ ಪುಸ್ತಕ ಮುಚ್ಚುತ್ತೇನೆ.

ಐದೂ ಹತ್ತೊಂಬತ್ತಕ್ಕೆ ಫೈಲ್ ತೆರೆದುಕೊಳ್ಳುತ್ತದೆ. ಅವರು ಒಂದೊಂದೇ ಅನುಮಾನ ಕಳೆಯುತ್ತಾ ಹೋಗುತ್ತಾರೆ. ಬೇರೆ ಪ್ರೋಗ್ರಾಮ್‌ಗಳನ್ನೆಲ್ಲ ಮುಚ್ಚುತ್ತಾರೆ, ಹಾಗೇ ಇದೆ. ಫೈಲಿನ ಪ್ರತಿಯನ್ನು ನೆಟ್‌ವರ್ಕ್‌ನಿಂದ ಈ ಕಂಪ್ಯೂಟರ್‌ಗೇ ತಂದು ನೋಡುತ್ತಾರೆ, ಹಾಗೇ ಇದೆ. ಆಮೇಲೆ ತಾನಾಗಿ ಲೆಕ್ಕ ಹಾಕುವುದನ್ನು ನಿಲ್ಲಿಸುತ್ತಾರೆ. ಪರದೆ ಸರಾಗವಾಗಿ ಓಡುತ್ತದೆ. ಕಳ್ಳ ಲೆಕ್ಕದಲ್ಲೇ ಇದ್ದಾನೆ.

ಅವರ ಬೆರಳು ಎಡ ಅಂಚಿನ ಸಾಲುಸಂಖ್ಯೆಗಳ ಮೇಲೆ ನಿಲ್ಲುತ್ತದೆ. ಹದಿನಾಲ್ಕು ಆದ ಮೇಲೆ ಹತ್ತೊಂಬತ್ತು. ಇಪ್ಪತ್ತರ ನಂತರ ಇಪ್ಪತ್ತೇಳು.

"ಸಿಸ್ಟರ್, ಮಧ್ಯದಲ್ಲಿ ಇರೋರೆಲ್ಲ ಎಲ್ಲಿಗೆ ಹೋದ್ರು?"

ದೊಡ್ಡ ಸಿಸ್ಟರ್ ಪರದೆಯ ಹತ್ತಿರ ಬಾಗುತ್ತಾರೆ. "ಅವರು... ತೀರಿಹೋದೋರು. ಡಿಲೀಟ್ ಮಾಡೋಕೆ ಕೈ ಬರಲ್ಲ ಅಣ್ಣ. ಬೆಳಗ್ಗೆ ತನಕ ಮಾತಾಡಿಸಿದ ಮನುಷ್ಯನ್ನ ಒಂದು ಬಟನ್ ಒತ್ತಿ ಅಳಿಸೋದು ಹೇಗೆ? ಅದಕ್ಕೆ ಸಾಲು ಹೈಡ್ ಮಾಡ್ತೀವಿ. ನನಗಿಂತ ಮುಂಚೆ ಇದ್ದ ಸಿಸ್ಟರ್ ಕೂಡ ಹಾಗೇ ಮಾಡ್ತಿದ್ರು."

ಸ್ಲೋ ಅಣ್ಣ ಅಡಗಿದ ಸಾಲುಗಳನ್ನು ತೆರೆಯುತ್ತಾರೆ. ಒಂಬತ್ತು ವರ್ಷದ ಜನ ಪರದೆಯ ತುಂಬ ಎದ್ದು ಬರುತ್ತಾರೆ. ಇನ್ನೂರ ಹದಿನೇಳು ಹೆಸರು. ಒಬ್ಬೊಬ್ಬರ ಸಾಲಿನಲ್ಲೂ ವರ್ಷದ ಮುನ್ನೂರ ಅರವತ್ತೈದು ಚೌಕ, ಚೌಕಕ್ಕೊಂದು ಸೂತ್ರ. ಪ್ರತಿ ಸೂತ್ರವೂ ಇವತ್ತಿನ ದಿನಾಂಕ ಕೇಳಿ, ಇಡೀ ಪಟ್ಟಿ ಜಾಲಾಡಿ, ಮುಂದಿನ ಸರದಿ ಯಾವಾಗ ಎಂದು ಲೆಕ್ಕ ಹಾಕುತ್ತದೆ. ಸಿಸ್ಟರ್ ಒಂದು ಅಕ್ಷರ ಬರೆದರೂ ಸಾಕು, ಕಂಪ್ಯೂಟರ್ ಸತ್ತವರಿಗೆಲ್ಲ ಮತ್ತೆ ಸರದಿ ಹುಡುಕಲು ಹೊರಡುತ್ತದೆ.

ಗುರುವಾರದ ತಪ್ಪೂ ಅಲ್ಲೇ ಸಿಗುತ್ತದೆ. ಸಿಸ್ಟರ್ ಮೌಸ್ ಎಳೆದು ಮೇಲಿಂದ ಕೆಳಗೆ ಸರದಿ ತುಂಬಿಸಿದಾಗ ನಡುವೆ ಅಡಗಿದ್ದ ಸಾಲಿಗೂ ಒಂದು ಬಿದ್ದಿದೆ. ನಾಲ್ಕು ವರ್ಷದ ಹಿಂದೆ ತೀರಿಹೋದ ಗಡಿಯಾರ ರಿಪೇರಿಯವರಿಗೆ ಯಂತ್ರ ಮೀಸಲಾಗಿದೆ, ಟೈಲರಮ್ಮ ಮನೆಗೆ ಹೋಗಿದ್ದಾರೆ. ಸಿಸ್ಟರ್ ಆ ಹೆಸರನ್ನು ಎರಡು ಸಲ ಓದುತ್ತಾರೆ. "ನನ್ನ ಕೈಯಾರೆ ಮಾಡಿದೆನಲ್ಲ ಅಣ್ಣ."

"ನಿಮ್ಮ ಕೈ ಒಂದೇ ಅಲ್ಲ ಬಿಡಿ," ಎನ್ನುತ್ತಾರೆ ಅವರು. "ಎರಡು ವರ್ಷದ ಹಿಂದೇ ನಾನು ಬಂದಿದ್ರೆ ಅವತ್ತೇ ಕಾಣ್ತಿತ್ತು."

ಗಂಟೆ ಐದೂ ಮುಕ್ಕಾಲು. ಅವರು ಬೇರೆ ಹಾಳೆ ತೆರೆದು ಒಬ್ಬೊಬ್ಬರನ್ನೇ ಅಲ್ಲಿಗೆ ಸಾಗಿಸತೊಡಗುತ್ತಾರೆ. ಹೆಸರು, ಬಂದ ದಿನ, ಹೋದ ದಿನ ಉಳಿಯುತ್ತದೆ. ಸೂತ್ರ ಮಾತ್ರ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಸಾಗಿಸಬಹುದಲ್ಲ ಎನ್ನುತ್ತೇನೆ. ಅವರು ಒಪ್ಪಿ ತಲೆಯಾಡಿಸಿ ಒಟ್ಟಿಗೆ ಹಿಡಿಯುತ್ತಾರೆ, ನೂರ ನಲವತ್ತಮೂರನೇ ಸಾಲು ಬಿಟ್ಟು.

ಅದು ಅವರ ಹೆಂಡತಿಯ ಸಾಲು. ಯಂತ್ರವೇನೂ ಮೀಸಲಾಗಿಲ್ಲ, ಆದರೆ ಮುಂದಿನ ಸರದಿಯ ಚೌಕದಲ್ಲಿ ಸೂತ್ರ ಹಾಕಿದ ಲೆಕ್ಕ ಹೀಗಿದೆ: ಶನಿವಾರ, ಬೆಳಗ್ಗೆ ಆರು. ಅಂದರೆ ಇವತ್ತು, ಇನ್ನು ಹತ್ತು ನಿಮಿಷಕ್ಕೆ.

"ನೋಡಿ ಸರ್," ಅವರ ದನಿ ಸಣ್ಣಗಾಗುತ್ತದೆ. "ನಾನು ಈ ಕಡೆ ತಲೆ ಹಾಕದೆ ಓಡಾಡ್ತಿದ್ದೆ. ಇದು ಮಾತ್ರ ವಾರಕ್ಕೆ ಮೂರು ಸಲ ಅವಳನ್ನ ಕರೀತಾನೇ ಇತ್ತು."

ಬಾಗಿಲಾಚೆ ಟೈಲರಮ್ಮ ಕೆಮ್ಮುತ್ತಾರೆ. ಸ್ಲೋ ಅಣ್ಣ ಒಮ್ಮೆ ಆ ಕಡೆ ನೋಡುತ್ತಾರೆ, ಕನ್ನಡಕ ತೆಗೆದು ಅಂಗಿಯಿಂದ ಒರೆಸುತ್ತಾರೆ. ಆಮೇಲೆ ಆ ಸಾಲನ್ನೂ ಸಾಗಿಸುತ್ತಾರೆ. ಫೈಲ್ ಉಳಿಸಿ, ಮುಚ್ಚಿ, ಮತ್ತೆ ತೆರೆಯುತ್ತಾರೆ. ಏಳು ಸೆಕೆಂಡ್. ಪಕ್ಕದ ಪ್ರಿಂಟರ್ ಹನ್ನೆರಡು ಹೆಸರಿನ ಪಟ್ಟಿ ಹೊರಹಾಕುತ್ತದೆ, ಸಿಸ್ಟರ್ ಅದನ್ನು ಹಿಡಿದು ಸ್ಟೋರಿಗೆ ಓಡುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುವುದು ಇಂಥ ಬರಹಗಳ ವಾಡಿಕೆ. ಕೇಳುತ್ತೇನೆ. "ಯಾರಾದ್ರೂ ಸ್ಲೋ ಅಂದ್ರೆ ಅವತ್ತೇ ಹೋಗಿ ನೋಡ್ಬೇಕು ಸರ್. ಅಷ್ಟೇ."

ಆರು ಗಂಟೆಗೆ ಟೈಲರಮ್ಮನ ಹೆಸರು ಕೂಗುತ್ತಾರೆ. ಆಕೆ ಗೋಡೆ ಹಿಡಿದು ಎದ್ದು, ಬಾಗಿಲಲ್ಲಿ ಇವರನ್ನು ಕಂಡು ನಿಲ್ಲುತ್ತಾರೆ. "ಇವತ್ತು ಹೊತ್ತಿಗೆ ಸರಿಯಾಗಿ ಕರೆದ್ರಲ್ಲಣ್ಣ. ಏನಾಗಿತ್ತು?"

"ಏನಿಲ್ಲಮ್ಮ, ಸ್ವಲ್ಪ ನಿಧಾನ ಆಗಿತ್ತು," ಎನ್ನುತ್ತಾರೆ ಅವರು, ಆಕೆಯ ಚಪ್ಪಲಿ ಎತ್ತಿಕೊಡುತ್ತಾ. "ನೀವು ಒಳಗೆ ಹೋಗಿ, ನಿಮ್ಮ ಸರದಿ."