ದುರುಗಪ್ಪ ಹೇಳದ ಹೆಸರು

ಮಧ್ಯಾಹ್ನವಾದರೆ ದುರುಗಪ್ಪನ ಎಡಗಣ್ಣಿನ ರೆಪ್ಪೆ ತಾನಾಗಿಯೇ ಇಳಿಯುತ್ತಿತ್ತು. ಯಾರನ್ನಾದರೂ ನೋಡಬೇಕೆಂದರೆ ಅದನ್ನು ಬೆರಳಿನಿಂದ ಎತ್ತಿ ಹಿಡಿಯುತ್ತಿದ್ದ. ಅದೇ ಮನುಷ್ಯ ಬೆಳಿಗ್ಗೆ ಬಾವಿಯೊಳಗಿಂದ ಕಲ್ಲು ತುಂಬಿದ ಬುಟ್ಟಿಯನ್ನು ಒಬ್ಬನೇ ಮೇಲೆಳೆಯುತ್ತಿದ್ದ.

ಮಸ್ಕಿಯಲ್ಲಿ ನಮ್ಮ ಬಾವಿ ತೋಡಲು ಬಂದವರಲ್ಲಿ ಒಂದು ಕಟ್ಟಳೆ ಇತ್ತು. ಬುಟ್ಟಿಯಲ್ಲಿ ಮನುಷ್ಯ ಕೂತರೆ, ಹಗ್ಗ ಹಿಡಿದವನು ತನ್ನ ಹೆಸರು ಕೂಗಬೇಕು. ಕೂಗಿದ ಮೇಲೆ ಆ ಜೀವ ಅವನ ಹೊಣೆ. ಹೊತ್ತು ಏರಿದ ಮೇಲೆ ದುರುಗಪ್ಪ ಕೂಗುತ್ತಿರಲಿಲ್ಲ. "ಮುಂಜಾನಿ ಕೈ ನನ್ನ ಮಾತು ಕೇಳ್ತಾವ. ಆಮ್ಯಾಲ ಕೇಳಂಗಿಲ್ಲ" ಎನ್ನುತ್ತಿದ್ದ. ತುಸು ಕೂತೆದ್ದರೆ ಬಲ ಮರಳುತ್ತಿತ್ತು. ನಾಲ್ಕು ಬುಟ್ಟಿ ಎಳೆಯುವಷ್ಟರಲ್ಲಿ ಮತ್ತೆ ಹೋಗುತ್ತಿತ್ತು. "ಅರ್ಧ ದಿನದ ನವಾಬಗ ಹಾಸಿಗಿ ಹಾಸ್ರಲೇ" ಎಂದು ಜೊತೆಗಾರರು ಕಾಡಿದರೆ ಅವನೂ ನಗುತ್ತಿದ್ದ.

ಆ ಬೇಸಿಗೆಯಲ್ಲಿ ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಬಾವಿಯಲ್ಲಿ ಸೆಲೆ ಕಂಡಿತ್ತು. ಉಳಿದವರು ಊಟಕ್ಕೆ ಹೋದಾಗ, ಅದನ್ನು ನೋಡಬೇಕು, ಇಳಿಸು ಎಂದು ದುರುಗಪ್ಪನಿಗೆ ಗಂಟುಬಿದ್ದೆ. ಅವರು ಬರಲಿ ಎಂದ. ಅವನ ತೋಳು ಒತ್ತಿ ನೋಡಿ, ಇಷ್ಟು ಗಟ್ಟಿ ತೋಳಿಗೆ ಎಂಥ ದಣಿವು, ಇದು ಮೈಗಳ್ಳತನ ಎಂದೆ. ಅಷ್ಟಕ್ಕೇ ಸುಮ್ಮನಾಗದೆ ಬುಟ್ಟಿಯಲ್ಲಿ ಕೂತೇಬಿಟ್ಟೆ.

"ಸಣ್ಣಗೌಡ್ರ, ನಾ ಹೆಸರ ಹೇಳಿಲ್ಲ ನೋಡ್ರಿ" ಎನ್ನುತ್ತಲೇ ಇಳಿಸತೊಡಗಿದ.

ಅರ್ಧ ಇಳಿಯುವಷ್ಟರಲ್ಲಿ ಹಗ್ಗ ಓಡಿತು. ಬಾವಿಯ ಗೋಡೆ ಮೇಲಕ್ಕೆ ಹಾರಿತು. ಕೈ ಕೊಟ್ಟದ್ದು ಗೊತ್ತಾದ ಕೂಡಲೇ ಅವನು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಬಂಡೆಯ ಹಿಂದೆ ಬಿದ್ದನಂತೆ. ಒಡೆದ ಕಲ್ಲುಗಳಿಗೆ ಮೊಳದಷ್ಟು ಮೇಲೆ ಬುಟ್ಟಿ ನಿಂತಿತು. ಕಣ್ಣು ಮುಚ್ಚಿದರೆ ಇಂದಿಗೂ ಆ ಗೋಡೆ ಹಾರುತ್ತದೆ.

ನನ್ನನ್ನು ಮೇಲೆತ್ತಿದ ಮೇಲೆ ಅಪ್ಪ ಕೇಳಿದ್ದು ಒಂದೇ: "ಇಂವ ಹೆಸರ ಹೇಳಿದ್ನೇನು?"

"ಹೇಳಿದ್ದ" ಎಂದೆ.

ಸೊಂಟದ ತೊಗಲು ಕಿತ್ತುಹೋಗಿ ಕೂತಿದ್ದ ದುರುಗಪ್ಪ ನನ್ನನ್ನು ನೋಡಿದ. ಹೆಸರು ಕೂಗಿ ಹಗ್ಗ ಬಿಟ್ಟವನೆಂದು ಆಮೇಲೆ ಸಂತೆಕಲ್ಲೂರಿನವರೆಗಿನ ಊರುಗಳಲ್ಲಿ ಯಾರೂ ಅವನ ಕೈಗೆ ಹಗ್ಗ ಕೊಡಲಿಲ್ಲ.

ನಾಲ್ಕು ವರ್ಷದ ನಂತರ ವೈದ್ಯರೊಬ್ಬರು ನನಗೆ ತಿಳಿಸಿದರು: ಕೆಲವರಲ್ಲಿ ಸ್ನಾಯು ಗಟ್ಟಿಯಾಗಿಯೇ ಇದ್ದರೂ ನರ ಕಳಿಸುವ ಅಪ್ಪಣೆ ಅದಕ್ಕೆ ಸರಿಯಾಗಿ ಮುಟ್ಟುವುದಿಲ್ಲ, ದುಡಿದಷ್ಟೂ ಸೋಲು, ಕೂತರೆ ಚೇತರಿಕೆ. ಆ ವರ್ಷವೇ ಸಿಂಧನೂರಿನ ಕಾಲುವೆ ಕೆಲಸದಲ್ಲಿ ದುರುಗಪ್ಪ ಸಿಕ್ಕ. ಆಳುಗಳಿಗೆ ನೀರು ಕೊಡುತ್ತಿದ್ದ. ಅದು ಸೋಮಾರಿತನವಲ್ಲ, ನರದ ಬೇನೆ ಎಂದು ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಕೇಳಿದ.

"ಬ್ಯಾನಿ ಅಂತ ನನಗ ಗೊತ್ತಿತ್ರಿ. ಹೆಸರ ಹೇಳಿದ್ದಿಲ್ಲ ಅಂತ ನಿಮ್ಮ ಅಪ್ಪಾರಿಗೆ ಒಂದ್ ಮಾತು ಹೇಳ್ರಿ."

ಹೂಂ ಎಂದೆ. ಅವನು ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿ ಬರುವ ಮೊದಲು ಎರಡು ಸಲ ಮಸ್ಕಿಗೆ ಹೋಗಿದ್ದೆ. ಎರಡೂ ಸಲ ಅಪ್ಪನ ಪಕ್ಕದಲ್ಲೇ ಕೂತು ಉಂಡೆ. ಹೇಳಲಿಲ್ಲ.