ಗಿಡ್ಡಮ್ಮ ಕಿತ್ತ ಆರು ವರಸೆ

ಗಿಡ್ಡಮ್ಮನನ್ನು ಮೊದಲ ಸಲ ಕಂಡಾಗ, ಆಕೆಯನ್ನು ಪೊಲೀಸರಿಗೆ ಹಿಡಿದುಕೊಡಬೇಕೆಂದೇ ನಾನು ತೀರ್ಮಾನಿಸಿದ್ದೆ.

ಅದು 2003ರ ಜನವರಿ. ಹಾಸನದಲ್ಲಿ ನೀರೆತ್ತುವ ಪಂಪು ತಯಾರಿಸುತ್ತಿದ್ದ ನಮ್ಮ ಕಂಪನಿಗೆ ಬಡವರಿಗೆ ಮನೆ ಕಟ್ಟಿಕೊಡುವ ಮನಸ್ಸಾಗಿತ್ತು. ಹಳೇಬೀಡಿನಿಂದ ಹುಲಿಕೆರೆಗೆ ಹೋಗುವ ದಾರಿಯಲ್ಲಿ ಎಂಟು ಮನೆಗಳಿಗೆ ಗುತ್ತಿಗೆದಾರ ಪಾಯ ಹಾಕಿದ್ದ. ಗೋಡೆ ಎಬ್ಬಿಸುವುದು ಮಾತ್ರ ನೌಕರರ ಶ್ರಮದಾನ. ಭಾನುವಾರ ಬಂತೆಂದರೆ ನಲವತ್ತು ಜನ ಹಳದಿ ಟೋಪಿ ಹಾಕಿಕೊಂಡು ಕಂಪನಿ ಬಸ್ಸಿನಿಂದ ಇಳಿಯುತ್ತಿದ್ದೆವು. ಲೆಕ್ಕಪತ್ರ ವಿಭಾಗದವನಾದ ನಾನು ಮೊದಲ ದಿನ ಒಟ್ಟು ಹನ್ನೊಂದು ಇಟ್ಟಿಗೆ ಇಟ್ಟೆ. ಆ ಹನ್ನೊಂದರ ಮೇಲೆ ನನಗೆ ಹುಟ್ಟಿದ ಮಮತೆ, ಹೊಯ್ಸಳ ದೊರೆಗೂ ತನ್ನ ಗುಡಿಯ ಮೇಲೆ ಇದ್ದಿರಲಾರದು.

ಮರೆತುಬಂದ ಟಿಫಿನ್ ಕ್ಯಾರಿಯರ್ ತರಲು ಮಾರನೆಯ ದಿನ ಅಲ್ಲಿಗೆ ಹೋದರೆ, ಕುಳ್ಳಗಿನ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು, ನನ್ನ ಹನ್ನೊಂದು ಇಟ್ಟಿಗೆಯೂ ಸೇರಿದಂತೆ ಇಡೀ ಗೋಡೆಗೆ ಕೊಡದಿಂದ ನೀರು ಎರಚುತ್ತಿದ್ದಾಳೆ!

"ಏನಮ್ಮ, ಬುದ್ಧಿ ಇದೆಯಾ? ಸಿಮೆಂಟು ಒಣಗಲಿ ಅಂತ ನಾವು ಬಿಟ್ಟುಹೋದರೆ, ನೀರು ಹೊಯ್ದು ಕರಗಿಸ್ತಾ ಇದ್ದೀಯಲ್ಲ!" ಎಂದು ಕೂಗಿದೆ.

ಆಕೆ ಕೊಡವನ್ನು ಸೊಂಟಕ್ಕೇರಿಸಿಕೊಂಡು ನನ್ನನ್ನು ತಲೆಯಿಂದ ಬೂಟಿನವರೆಗೆ ನೋಡಿದಳು. "ಕರಗಕ್ಕೆ ಇದೇನ್ ಬೆಲ್ಲವಾ ಸಾಮಿ? ನೀರ್ ಕುಡುದ್ರೇನೇ ಸಿಮೆಂಟು ಗಟ್ಟಿಯಾಗದು. ದಿನಕ್ಕೆ ಮೂರು ಸಲ, ಏಳು ದಿನ ಹೊಡೀಬೇಕು. ನೀವು ಬರದು ಭಾನುವಾರ. ಮಿಕ್ಕಿದ್ ಆರು ದಿನ ನಿಮ್ಮಪ್ಪ ಬತ್ತಾರಾ?"

ನಮ್ಮಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಕೊಡ ಇಸಿದುಕೊಂಡು ನಾನೇ ಒಂದು ಸಲ ಹೊಡೆದೆ.

ಎಂಟನೆಯ ಮನೆ ಗಿಡ್ಡಮ್ಮನದೇ ಎಂದು ಆಮೇಲೆ ತಿಳಿಯಿತು. ಆಕೆ ಇಪ್ಪತ್ತೆರಡು ವರ್ಷ ಬೇಲೂರಿನಲ್ಲಿ ಗಾರೆ ಕೆಲಸದವರಿಗೆ ಬಾಂಡ್ಲಿಯಲ್ಲಿ ಕಲಸಿದ ಸಿಮೆಂಟು ಹೊತ್ತವಳು. ಬಸ್ಸಿನಲ್ಲಿ ಕೂತರೆ ತಾನು ದುಡಿದ ಲಾಡ್ಜು, ಸ್ಕೂಲು, ಅಂಗಡಿ ಮಳಿಗೆಗಳನ್ನೆಲ್ಲ ತನ್ನ ಮಕ್ಕಳನ್ನು ತೋರಿಸುವಂತೆ ತೋರಿಸುತ್ತಿದ್ದಳು. ಆದರೆ ಕರಣೆ ಹಿಡಿದು ಇಟ್ಟಿಗೆ ಇಡುವುದು ಗಂಡಸರ ಕೆಲಸ. ಮೇಸ್ತ್ರಿಗಳು ಟೀ ಕುಡಿಯಲು ಹೋದಾಗ ಈಕೆ ನಾಲ್ಕು ಇಟ್ಟಿಗೆ ಇಟ್ಟುಬಿಡುತ್ತಿದ್ದಳಂತೆ. ಬಂದವರಿಗೆ ಒಂದು ದಿನವೂ ಗೊತ್ತಾಗಿಲ್ಲ. ಗೊತ್ತಾಗದೇ ಇದ್ದದ್ದೇ ಆಕೆ ಪಾಸಾದದ್ದಕ್ಕೆ ಸರ್ಟಿಫಿಕೇಟು.

ಆಕೆಯ ಹಳೆಯ ಮನೆಯ ಗೋಡೆ ಮಳೆಗಾಲದಲ್ಲಿ ಬಿದ್ದುಹೋಗಿತ್ತು. "ಮೊದ್ಲು ಒಂಚೂರು ಬಗ್ತು. ನಮ್ಮೆಜಮಾನ್ರು ಏನೂ ಆಗಕಿಲ್ಲ ಅಂದ್ರು. ಅವರು ಆ ಮಾತು ಅಂದು ಮುಗಿಸೋದ್ರೊಳಗೆ ಅರ್ಧ ಬಿದ್ದಿತ್ತು" ಎಂದು ನಗುತ್ತಿದ್ದಳು. ಪುಣ್ಯಕ್ಕೆ ಸತ್ತದ್ದು ಒಂದು ಕೋಳಿ ಮಾತ್ರ. ಅಂದಿನಿಂದ ಸಂಸಾರ ತಗಡಿನ ಮರೆಯಲ್ಲಿ. ಹೊಸ ಮನೆ ದೊಡ್ಡದಿರಬೇಕೆಂದು ಆಕೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಗೋಡೆ ನೆಟ್ಟಗಿರಬೇಕು, ಅಷ್ಟೇ.

ಎಂಟನೆಯ ಮನೆಯ ಸರದಿ ಬಂದ ಭಾನುವಾರ, ನಮಗೆ ಕೆಲಸ ಹೇಳಿಕೊಡುತ್ತಿದ್ದ ಮೇಸ್ತ್ರಿ ಪುಟ್ಟರಾಜು ಮುಡಿ ಕೊಡಲು ಮಾಲೇಕಲ್ಲು ಬೆಟ್ಟಕ್ಕೆ ಹೋಗಿದ್ದ. ಅದೇ ದಿನ ನಮ್ಮ ಜನರಲ್ ಮ್ಯಾನೇಜರ್ ಚಿದಂಬರ ಅವರು ಖುದ್ದಾಗಿ ಬಂದರು. ಕರಣೆ ಹಿಡಿದರು. ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಒಂದಾದ ಮೇಲೊಂದು ಆರು ವರಸೆ ಇಟ್ಟಿಗೆ ಕೂರಿಸಿದರು. ಪ್ರತಿ ವರಸೆಗೂ ನಾವು ಚಪ್ಪಾಳೆ ತಟ್ಟಿದೆವು. ಸಿಮೆಂಟು ಒದಗಿಸುತ್ತಿದ್ದ ಗಿಡ್ಡಮ್ಮ ಮಾತ್ರ ತಟ್ಟಲಿಲ್ಲ. ಎರಡು ಕೈಯೂ ಖಾಲಿ ಇರಲಿಲ್ಲ ಎಂದುಕೊಂಡೆ.

ಆರನೆಯ ವರಸೆ ಮುಗಿದ ಮೇಲೆ ಆಕೆ ಪುಟ್ಟರಾಜು ಬಿಟ್ಟುಹೋಗಿದ್ದ ಚೀಲದಿಂದ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ತೆಗೆದು, ದಾರ ಹಿಡಿದು ಗೋಡೆಯ ಪಕ್ಕಕ್ಕೆ ಇಳಿಬಿಟ್ಟಳು. ಗೋಡೆಗೂ ದಾರಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಸಂದು.

"ಸಾಮಿ, ಇದು ವಾಲೈತೆ."

"ಪ್ಲಾಸ್ಟರ್ ಮಾಡುವಾಗ ಸರಿಹೋಗುತ್ತೆ ಬಿಡಮ್ಮ" ಎಂದರು ಸಾಹೇಬರು. ಕಂಪನಿಯಲ್ಲಿ ನಾವು ಎಷ್ಟೋ ವರ್ಷಗಳ ಲೆಕ್ಕವನ್ನು ಹಾಗೆಯೇ ಸರಿಮಾಡಿದ್ದೆವು.

"ಬಳುದ್ರೆ ನಿಮ್ ಕಣ್ಣಿಗೆ ಕಾಣಕಿಲ್ಲ. ಅದು ವಾಲೇ ಇರ್ತೈತೆ."

ನಾನು ಮುಂದೆ ಹೋಗಿ ಪಿಸುಗುಟ್ಟಿದೆ: "ಅಮ್ಮಾ, ಸಾಹೇಬರು ಇಟ್ಟ ಇಟ್ಟಿಗೆ. ಫೋಟೋ ಬೇರೆ ತೆಗೆದಾಗಿದೆ."

"ಫೋಟೋದಲ್ಲಿ ನೀವಿರಿ. ಮನೇಲಿ ನಾನಿರಬೇಕಲ್ಲ."

ಗಂಡ ಕರಿಯಯ್ಯನ ಮುಖ ಬಿಳುಚಿತ್ತು. "ಸುಮ್ಕಿರು ಮಾರಾಯ್ತಿ, ಸಿಕ್ಕಿರಾ ಮನೇನೂ ಕಳೀಬ್ಯಾಡ" ಎಂದು ಕೈಮುಗಿದ. ಅವನ ಭಯ ಸುಳ್ಳಲ್ಲ. ಸಾಹೇಬರಿಗೆ ಸಿಟ್ಟು ಬಂದರೆ ಎಂಟು ಮನೆ ಏಳಾಗಲು ಒಂದು ಸಹಿ ಸಾಕಿತ್ತು.

ಗಿಡ್ಡಮ್ಮ ಒಂದು ಗಳಿಗೆ ಗಂಡನನ್ನು ನೋಡಿದಳು, ಒಂದು ಗಳಿಗೆ ದಾರವನ್ನು. ಆಮೇಲೆ ಮೇಲಿನ ಇಟ್ಟಿಗೆಗೆ ಕೈಹಾಕಿ ಕಿತ್ತಳು. ಹಸಿ ಸಿಮೆಂಟು, ಬೆಣ್ಣೆಯಿಂದ ಬಿಡಿಸಿದಂತೆ ಬಂತು. ಒಂದೊಂದಾಗಿ ಆರೂ ವರಸೆ ಕಿತ್ತು, ತೊಳೆದು, ಒಪ್ಪವಾಗಿ ಪೇರಿಸಿದಳು. ನಲವತ್ತು ಹಳದಿ ಟೋಪಿಗಳು ಸಾಹೇಬರತ್ತ ತಿರುಗಿದವು.

ಸಾಹೇಬರು ಟೋಪಿ ತೆಗೆದು ಬೆವರೊರೆಸಿಕೊಂಡರು. "ಹಾಗಾದರೆ ಈಗ ಯಾರು ಕಟ್ಟೋದು?"

"ನಾನು."

"ನಿಮಗೆ ಬರುತ್ತಾ?"

"ಇಪ್ಪತ್ತೆರಡು ವರ್ಸದಿಂದ ಬತ್ತೈತೆ. ಕೇಳಿದೋರು ನೀವೇ ಮೊದ್ಲು."

ಸಾಹೇಬರು ಜೋರಾಗಿ ನಕ್ಕು ಕರಣೆಯನ್ನು ಆಕೆಯ ಕೈಗಿತ್ತರು. "ನನಗೇನು ಕೆಲಸ?" ಎಂದರು. ಆಕೆ ಬಾಂಡ್ಲಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಹೊತ್ಕೊಂಡ್ ಬನ್ನಿ. ನೀರು ಜಾಸ್ತಿ ಮಾಡ್ಬ್ಯಾಡಿ." ಅಂದು ಸಂಜೆಯವರೆಗೂ ನಮ್ಮ ಜನರಲ್ ಮ್ಯಾನೇಜರು ಬೈಸಿಕೊಂಡಷ್ಟನ್ನು ನಮಗೆ ಬೈದು ತೀರಿಸಲು ಅವರಿಗೆ ಮೂರು ವರ್ಷ ಬೇಕಾಯಿತು. ಆದರೆ ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಆಫೀಸಿನಲ್ಲಿ ಕಂಡಿಲ್ಲ.

ಮಾರನೆಯ ದಿನ ಬೋಳುತಲೆಯ ಪುಟ್ಟರಾಜು ಬಂದು ಗುಂಡು ಇಳಿಬಿಟ್ಟ. ದಾರ ಗೋಡೆಗೆ ಅಂಟಿಕೊಂಡಂತೆ ನಿಂತಿತು. "ಯಾರ್ಲಾ ಕಟ್ಟಿದ್ದು?" ಎಂದು ಕರಿಯಯ್ಯನನ್ನು ಕೇಳಿದ. ಕರಿಯಯ್ಯ ಎದೆಯುಬ್ಬಿಸಿ, "ನಮ್ಮನೆಯೋಳು!" ಎಂದ. ಪುಟ್ಟರಾಜು ಬೋಳುತಲೆ ಸವರಿಕೊಂಡು, "ಮಿಕ್ಕಿದ್ ಮೂರು ಗೋಡೇನೂ ನೀನೇ ಎಬ್ಬುಸ್ಬುಡಕ್ಕ" ಎಂದ.

ಯುಗಾದಿ ಕಳೆದ ವಾರ ಗಿಡ್ಡಮ್ಮ ಹೊಸ ಮನೆಯಲ್ಲಿ ಹಾಲುಕ್ಕಿಸಿದಳು. ಮುಂದಿನ ಭಾನುವಾರ ನಲವತ್ತು ಜನಕ್ಕೂ ಶಾವಿಗೆ ಪಾಯಸ. ಕಂಪನಿಯ ಪತ್ರಿಕೆಗೆ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದ್ದರಿಂದ, ನಾನು ಪೆನ್ನು ತೆಗೆದು, ಗಂಟಲು ಸರಿಮಾಡಿಕೊಂಡು, ಪಾಯಸ ಬಡಿಸುತ್ತಿದ್ದವಳನ್ನು ನಿಲ್ಲಿಸಿ ಕೇಳಿದೆ: "ಗಿಡ್ಡಮ್ಮನವರೇ, ಸ್ವತಃ ಜನರಲ್ ಮ್ಯಾನೇಜರ್ ಸಾಹೇಬರೇ ಕೈಯಾರೆ ಇಟ್ಟಿಗೆ ಇಟ್ಟ ಮನೆಯಲ್ಲಿ ಮಲಗಿದಾಗ ನಿಮಗೆ ಏನನ್ನಿಸುತ್ತದೆ?"

"ಅವರಿಟ್ಟಿದ್ನೆಲ್ಲ ಕಿತ್ತಾಕಿದ್ದೀನಲ್ಲ ಸಾಮಿ, ನಿದ್ದೆ ಚೆನ್ನಾಗೇ ಬತ್ತೈತೆ."