ಎರಡು ಪಟ್ಟಿನ ಕುಂಚಿಗೆ

ನನ್ನ ಯಜಮಾನರು ಹೋದ ಮೇಲೆ ನನಗೆ ಹಗಲು ಕಳೆಯುವ ಜಾಗವೆಂದರೆ ಕಾಚಿಗೂಡದ ನಮ್ಮ ಓಣಿಯ ಬಂಡೆಮ್ಮನ ಪಡಸಾಲೆ. ಬೀದರ ಕಡೆಯವಳು. ಕೂಸುಗಳ ಕುಂಚಿಗೆ ಹೊಲಿಯುತ್ತಾಳೆ: ತಲೆಗೆ ಟೋಪಿ, ಅದಕ್ಕೆ ಹೊಂದಿಸಿ ಬೆನ್ನ ಮೇಲೆ ಇಳಿಬೀಳುವ ಖಣದ ಬಟ್ಟೆ. ಟೇಪು ಹಿಡಿದವಳಲ್ಲ. ಕೂಸಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದು ದಾರ ಹಿಡಿಯುತ್ತಾಳೆ. ಅದನ್ನು ಮೂರು ಮಡಿಕೆ ಮಾಡಿ ಎರಡು ತೆಗೆದುಕೊಂಡರೆ ಟೋಪಿಯ ಸುತ್ತಳತೆ. ಅದು ಎಂದೂ ತಪ್ಪಿರಲಿಲ್ಲ. ಹಾಗಾಗಿಯೇ ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಕುಂಚಿಗೆ ತೊಡಿಸುವ ಮಾನ ಇಲ್ಲಿಯ ನಮ್ಮ ಕನ್ನಡದವರಲ್ಲಿ ಅವಳದೇ ಆಗಿತ್ತು.

ಹೋದ ವರ್ಷ ಊರಿನ ಆಚೆ ಬದಿಯ ನಾಚಾರಂನಿಂದ ನಮ್ಮವರದೇ ಹುಡುಗಿ ಲಹರಿ ಬಂಡೆಮ್ಮನಿಗೆ ಫೋನ್ ಮಾಡಿದಳು. ಗಂಡು ಕೂಸು ಹುಟ್ಟಿತ್ತು. ಐದು ವರ್ಷದ ಅಕ್ಕ ಮಾನ್ಯಾ ತನಗೂ ತಮ್ಮನಂಥದೇ ಕುಂಚಿಗೆ ಬೇಕೆಂದು ಹಟ ಹಿಡಿದಿದ್ದಳಂತೆ.

"ಹುಡುಗೀನ ಕರಕೊಂಡು ಬಾ, ದಾರ ಹಿಡೀತೀನಿ."

"ಬಾಣಂತಿ ಹ್ಯಾಂಗ ಬರಲಿರಿ, ಆಯಿ? ಕೂಸಿಂದು ದಾರ ಕಳಸ್ತೀನಿ. ಇಕಿನ್ನ ಬಾಜೂಕ ಮಲಗಿಸಿ ನೋಡೀನಿ, ಸರಿಯಾಗಿ ಎರಡು ಪಟ್ಟು ಅದಾಳ."

"ಹಂಗಾದ್ರ ಎಲ್ಲಾನೂ ಎರಡು ಪಟ್ಟು. ಅದ್ರಾಗೇನೈತಿ!"

ಹಾಗೆಯೇ ಕತ್ತರಿಸಿದಳು. ಉದ್ದ ಎರಡು ಪಟ್ಟು, ಟೋಪಿ ಎರಡು ಪಟ್ಟು. ಪಕ್ಕಪಕ್ಕ ಹಾಸಿದಾಗ ದೊಡ್ಡದು ಚಿಕ್ಕದರ ಅಚ್ಚೇ. ನೋಡಲು ಭಾಳ ಚಂದ ಇತ್ತು.

ತೊಟ್ಟಿಲ ದಿನ ನಾವಿಬ್ಬರೂ ಹೋದೆವು. ಬಂಡೆಮ್ಮ ಮಾನ್ಯಾಗೆ ಮೊದಲು ತೊಡಿಸಿದಳು. ಉದ್ದ ಸರಿಯಾಗಿತ್ತು. ಟೋಪಿ ಮಾತ್ರ ಹಣೆಯಲ್ಲಿ ನಿಲ್ಲದೆ ಗದ್ದದವರೆಗೆ ಇಳಿಯಿತು.

"ಅಮ್ಮಾ, ಕತ್ತಲ ಐತಿ!" ಎಂದು ಒಳಗಿನಿಂದ ದನಿ ಬಂತು.

ಹೆಂಗಸರು ನಕ್ಕು ಫೋಟೊ ತೆಗೆಯಲು ಫೋನು ಎತ್ತಿದರು. ಲಹರಿಯ ಅತ್ತೆ ಸುವರ್ಣಾ ಬಿಡುವವಳಲ್ಲ. "ಬಂಡೆಮ್ಮ, ಕುಂಚಗಿ ಹೊಲದಿಯೋ, ಸಿಲಿಂಡರಿಗೆ ಗವಸು ಹೊಲದಿಯೋ?"

ಮಾನ್ಯಾ ಅಳತೊಡಗಿದಳು. ಬಂಡೆಮ್ಮನ ಕಿವಿ ಕೆಂಪಾದವು. ಕೂಸಿನ ಕುಂಚಿಗೆಯನ್ನು ಸುವರ್ಣಾಳ ಕೈಗಿಟ್ಟು, "ನೀವ ತೊಡಸ್ರಿ," ಎಂದಳು. ಬೇಡ, ನೀನೇ ತೊಡಿಸು ಎಂದು ಯಾರೂ ಅನ್ನಲಿಲ್ಲ. ಅವಳು ಆ ಮಾತಿಗಾಗಿಯೇ ಒಂದು ಗಳಿಗೆ ಕಾದಳು, ನಾನು ಕಂಡೆ.

ಆಮೇಲೆ ಹುಡುಗಿಯನ್ನು ಒಳಗೆ ಕರೆದೊಯ್ದು ತಲೆಯ ಸುತ್ತ ದಾರ ಹಿಡಿದಳು, ಕೂಸಿನ ದಾರವನ್ನು ಮೂರು ಮಡಿಚಿ ಅದರ ಎರಡು ಮಡಿಕೆಯ ಪಕ್ಕ ಇಟ್ಟು ನೋಡಿದಳು. "ಮೈ ಎರಡು ಪಟ್ಟು ಬೆಳದೈತಿ. ತಲಿ ಒಂದೂವರಿನೂ ತುಂಬಿಲ್ಲ," ಎಂದಳು ಸಣ್ಣ ದನಿಯಲ್ಲಿ. "ಇಷ್ಟು ವರ್ಷ ಕೂಸುಗಳನ್ನ ಎತ್ತಿ ಆಡಿಸೀನಿ, ಇದು ಕಾಣಲಿಲ್ಲಲ್ಲ ನನಗ."

ಟೋಪಿ ಬಿಚ್ಚಿ, ಮಡಿಚಿ, ಮತ್ತೆ ಹೊಲಿದಳು. ಮಾನ್ಯಾ ಕುಣಿಯುತ್ತ ಹೊರಗೆ ಓಡಿದಳು. ಬಂಡೆಮ್ಮ ಊಟಕ್ಕೆ ಕೂರಲಿಲ್ಲ. ಆಟೋದಲ್ಲಿ ಮುಖದ ಮೇಲೆ ಸೆರಗು ಎಳೆದುಕೊಂಡೇ ಬಂದಳು.

ಈಗಲೂ ಹೊಲಿಯುತ್ತಾಳೆ. ತಲೆಗೆ ಬೇರೆಯೇ ದಾರ ಹಿಡಿಯುತ್ತಾಳೆ. ತೊಟ್ಟಿಲ ಮನೆಗೆ ಮಾತ್ರ ಹೋಗುವುದಿಲ್ಲ. "ಕೊಟ್ಟು ಬಾ" ಎಂದು ನನ್ನನ್ನು ಕಳಿಸುತ್ತಾಳೆ. ತಿರುಗಿ ಬಂದಾಗ ಊಟ ಹೇಗಿತ್ತು, ಯಾರ್ಯಾರು ಬಂದಿದ್ದರು ಎಂದು ಕೇಳುವುದಿಲ್ಲ. ಸೂಜಿಯಿಂದ ಕಣ್ಣೆತ್ತದೆ ಒಂದೇ ಕೇಳುತ್ತಾಳೆ:

"ಕೂಸಿನ ಕಣ್ಣು ಕಾಣತಿದ್ವು?"